ಕುಂಕುಮದ ಕೆಳಗಿದ್ದ ಹೆಸರು

ಕುರುಗೋಡಿನ ಪಂಪಮ್ಮನ ಗ್ರಾಮಾಫೋನ್ ಪ್ಲೇಟು "ಹೋದ ವಾರ ಸಿಕ್ಕಿತು" ಎಂದು ನಾನು ಹೇಳಿದ್ದು ಸುಳ್ಳು. ಆಕೆಯ ಮನೆಯ ಕಟ್ಟೆಯ ಮೇಲೆ ಕೂತು, ಓಣಿಯ ಜನರೆಲ್ಲರ ಎದುರಿಗೆ, ಆಕೆಯೇ ನನ್ನ ಹಣೆಗೆ ಹಚ್ಚಿದ ವಿಭೂತಿ ಇನ್ನೂ ಆರಿರದ ಹೊತ್ತಿನಲ್ಲಿ ಹೇಳಿದ ಸುಳ್ಳು. ಆ ಪ್ಲೇಟು ಅದಾಗಲೇ ನಾಲ್ಕು ವರ್ಷದಿಂದ ನನ್ನ ಹತ್ತಿರ ಇತ್ತು. ಇದು ನನ್ನ ಹೆಂಡತಿ ಗೌರಮ್ಮನೊಬ್ಬಳಿಗೆ ಗೊತ್ತು. ಇವತ್ತು ನಿಮಗೂ ಹೇಳುತ್ತಿದ್ದೇನೆ.

ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ನನ್ನದು ಗಡಿಯಾರ ರಿಪೇರಿಯ ಅಂಗಡಿ. ಹೊಟ್ಟೆಪಾಡಿಗೆ ಗಡಿಯಾರ, ಹುಚ್ಚಿಗೆ ಗ್ರಾಮಾಫೋನು. ಮನೆಮನೆಗೂ ಟ್ರಾನ್ಸಿಸ್ಟರ್ ಬಂದು, ಕಹಳೆಯ ಪೆಟ್ಟಿಗೆಗಳೆಲ್ಲ ಅಟ್ಟ ಸೇರುತ್ತಿದ್ದ ಕಾಲ ಅದು. ಜನರಿಗೆ ಬೇಡವಾದದ್ದು ನನಗೆ ಹಬ್ಬ. ಹಚ್ಚೊಳ್ಳಿಯ ಒಂದು ಮನೆಯಲ್ಲಿ ಚೀಲಕ್ಕೆ ಭತ್ತ ಸುರಿಯಲು ಗ್ರಾಮಾಫೋನಿನ ಹಿತ್ತಾಳೆ ಕಹಳೆಯನ್ನೇ ಲಾಳಿಕೆ ಮಾಡಿಕೊಂಡಿದ್ದರು! ಬೇಡಿ ಕಾಡಿ ಅದನ್ನು ತೆಗೆದುಕೊಂಡು, ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬಂದೆ. "ಇನ್ನೊಂದು ಹೆಣ್ತಿನ್ನ ಕರ್ಕೊಂಡು ಬಂದ್ರೇನು?" ಎಂದು ಗೌರಮ್ಮ ಬಾಗಿಲಲ್ಲೇ ಕೇಳಿದಳು. ಆಮೇಲೆ ಹುಣಸೆಹಣ್ಣು ಹಚ್ಚಿ ಅದನ್ನು ಬಂಗಾರದ ಹಾಗೆ ಬೆಳಗಿಕೊಟ್ಟವಳೂ ಅವಳೇ.

ಭಾನುವಾರ ಅಂಗಡಿಯಲ್ಲಿ ನಮ್ಮ ದರ್ಬಾರು. ಹತ್ತು ಹನ್ನೆರಡು ಜನ ಸೇರುತ್ತಿದ್ದರು. ನಾನು ಕೀಲಿ ಕೊಟ್ಟು, ಪ್ರತಿ ಹಾಡಿಗೂ ಹೊಸ ಮುಳ್ಳು ಹಾಕಿ, ಅದನ್ನು ಪ್ಲೇಟಿನ ಮೇಲೆ ಇಳಿಸುವ ಮೊದಲು ಒಂದು ಭಾಷಣ ಬಿಗಿಯುತ್ತಿದ್ದೆ. ಹಿಂದಿನ ಕಾಲದಲ್ಲಿ ಮೈಕೂ ಇರಲಿಲ್ಲ, ಕರೆಂಟೂ ಇರಲಿಲ್ಲ. ಕಹಳೆಗೆ ಬಾಯಿ ಕೊಟ್ಟು ಹಾಡಿದರೆ ಆಚೆ ಮೇಣದ ಮೇಲೆ ಗೆರೆ ಬೀಳುತ್ತಿತ್ತು, ತಪ್ಪಿದರೆ ಅಳಿಸಲು ಬರುತ್ತಿರಲಿಲ್ಲ. ಪ್ಲೇಟು ಒತ್ತುವ ದೂರದೇಶದ ಕಾರ್ಖಾನೆಯವರಿಗೆ ಕನ್ನಡ ಯಾವುದು ತೆಲುಗು ಯಾವುದು ತಿಳಿಯದು. ಅದಕ್ಕೇ ಹಾಡಿದವರು ಕಡೆಯಲ್ಲಿ ತಮ್ಮ ಹೆಸರು ತಾವೇ ಹೇಳುವ ರೂಢಿ ಇತ್ತು. ಇದನ್ನೆಲ್ಲ ನಾನೇ ಕಂಡುಹಿಡಿದವನ ಹಾಗೆ ಹೇಳುತ್ತಿದ್ದೆ. ಊರಲ್ಲಿ ನನಗೆ ಪ್ಲೇಟ್ ಶರಣಪ್ಪ ಎಂದು ಹೆಸರು ಬಿತ್ತು. ಆ ಹೆಸರು ನನಗೆ ಎಷ್ಟು ಇಷ್ಟವಾಗಿತ್ತೆಂದರೆ — ಮುಂದಿನದಕ್ಕೆಲ್ಲ ಅದೇ ಮೂಲ.

ಒಂದು ಭಾನುವಾರ ಪಂಪಮ್ಮ ಬಂದಳು. ಅರವತ್ತು ದಾಟಿದ ಹೆಂಗಸು, ಹರೆಯದಲ್ಲಿ ನಾಟಕ ಕಂಪನಿಯಲ್ಲಿ ಸಣ್ಣಪುಟ್ಟ ಪಾತ್ರ ಮಾಡಿದವಳು. ತಾನೂ ಒಂದು ಪ್ಲೇಟಿಗೆ ಹಾಡಿದ್ದೇನೆ ಎಂದಳು. ಕಂಪನಿಯ ದೊಡ್ಡ ನಟಿಗೆ ಆ ದಿನ ಗಂಟಲು ಕಟ್ಟಿತ್ತಂತೆ, ಮಾಲೀಕ ಇವಳನ್ನು ನಿಲ್ಲಿಸಿದನಂತೆ.

"ಇಳಿ ಸ್ವರಕ್ಕ ನನ್ನ ತಲಿ ಹಿಡಿದು ಕಹಳಿಯೊಳಗ ತುರುಕಿದ್ರು, ಏರು ಸ್ವರಕ್ಕ ಜಡಿ ಹಿಡಿದು ಹಿಂದಕ್ಕ ಜಗ್ಗಿದ್ರು. ಹಾಡಿದ್ದು ಮೂರು ನಿಮಿಷ, ಕುತ್ತಿಗಿ ನೋವು ಮೂರು ದಿನ ನೋಡಪಾ!"

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆದರೆ ಪ್ಲೇಟು ಬರುವಷ್ಟರಲ್ಲಿ ಕಂಪನಿ ಮುರಿದುಬಿದ್ದಿತ್ತು. ಪಂಪಮ್ಮ ತನ್ನ ದನಿಯನ್ನು ತಾನು ಒಮ್ಮೆಯೂ ಕೇಳಿರಲಿಲ್ಲ. ಓಣಿಯಲ್ಲಿ ಯಾರೂ ಆಕೆಯನ್ನು ನಂಬುತ್ತಿರಲಿಲ್ಲ. ಎದುರುಮನೆಯವರು ಮಕ್ಕಳಿಗೆ "ಪಂಪಮ್ಮನ ಪ್ಲೇಟಿನಂಗ ಸುಳ್ಳು ಹೇಳಬ್ಯಾಡ" ಎಂದು ಗದರಿಸುವಷ್ಟು ಅದು ಗಾದೆಯಾಗಿತ್ತು. ಸಿರುಗುಪ್ಪದ ಒಬ್ಬ ಸಾಹುಕಾರರ ಮನೆಯಲ್ಲಿ ಆ ಪ್ಲೇಟು ಇದೆಯಂತೆ, ತನ್ನನ್ನು ಕರೆದುಕೊಂಡು ಹೋಗಿ ಕೇಳಿಸು ಎಂದು ಆಕೆ ಕೇಳಿಕೊಂಡಳು.

ಆ ಮನೆಯ ಪೆಟ್ಟಿಗೆಯನ್ನು ನಾನೇ ರಿಪೇರಿ ಮಾಡಿದ್ದೆ, ಆ ಪ್ಲೇಟನ್ನು ಹಾಕಿಯೂ ನೋಡಿದ್ದೆ. ಅದರ ಮೇಲೆ ಇದ್ದದ್ದು ದೊಡ್ಡ ನಟಿಯ ಹೆಸರು. ಕಡೆಯಲ್ಲಿ ಮುಳ್ಳು ಕುಣಿದು ಏನೂ ಕೇಳಿಸಿರಲಿಲ್ಲ, ಗೀರು ಬಿದ್ದಿರಬೇಕು ಅಂದುಕೊಂಡು ಬಿಟ್ಟಿದ್ದೆ. ಹತ್ತು ಜನರ ನಡುವೆ ಜಾಣನಾಗುವ ಆಸೆ. ಹೇಳಿಯೇಬಿಟ್ಟೆ:

"ಯವ್ವಾ, ಅದರ ಮ್ಯಾಲೆ ಬ್ಯಾರೆಯವರ ಹೆಸರೈತಿ. ಪ್ಲೇಟು ಸುಳ್ಳು ಹೇಳಂಗಿಲ್ಲ."

ಪಂಪಮ್ಮ ಸಿಟ್ಟಾಗಲಿಲ್ಲ. "ಪ್ಲೇಟು ಹೇಳಂಗಿಲ್ಲಪಾ, ಅದರ ಮ್ಯಾಲೆ ಅಂಟಿಸಿದ ಕಾಗದ ಹೇಳ್ತೈತಿ" ಎಂದು ಸೆರಗು ಕೊಡವಿಕೊಂಡು ಎದ್ದುಹೋದಳು. ಮಾತಿನಲ್ಲಿ ಗೆದ್ದವಳು ಆಕೆಯೇ. ಆದರೆ ನಾನು ಹೇಳಿದ ಮಾತು ಆಕೆಗಿಂತ ಮೊದಲು ಕುರುಗೋಡು ಮುಟ್ಟಿತು — "ಪ್ಲೇಟ್ ಶರಣಪ್ಪನಽ ಅಂದಾನ" ಎಂದು.

ಎರಡು ವರ್ಷದ ಮೇಲೆ ಆ ಸಾಹುಕಾರರ ಮಕ್ಕಳು ಪೆಟ್ಟಿಗೆಯನ್ನೂ ಪ್ಲೇಟುಗಳನ್ನೂ ನನಗೇ ಕೊಟ್ಟರು. ಮನೆಗೆ ತಂದು, ಬೆಳಕಿಗೆ ಹಿಡಿದು ನೋಡಿದಾಗ ಗೊತ್ತಾಯಿತು: ಅದು ಗೀರಲ್ಲ, ಕುಂಕುಮ! ಆ ಮನೆಯಲ್ಲಿ ಪ್ರತಿವರ್ಷ ಆಯುಧಪೂಜೆಗೆ ಪೆಟ್ಟಿಗೆಗೆ ವಿಭೂತಿ ಎಳೆದು, ಮೇಲಿದ್ದ ಪ್ಲೇಟಿಗೆ ಎಣ್ಣೆಯಲ್ಲಿ ಕಲಸಿದ ಕುಂಕುಮ ಇಡುತ್ತಿದ್ದರು. ಅದೂ ನಡುವಿನ ಕಾಗದದ ಪಕ್ಕದಲ್ಲಿ, ಹಾಡು ಮುಗಿಯುವ ಜಾಗದಲ್ಲಿ. ವರ್ಷವರ್ಷವೂ ಇಟ್ಟಿಟ್ಟು ಗೆರೆಗಳ ಸಂದು ತುಂಬಿ, ಕಪ್ಪಾಗಿ ಗಟ್ಟಿಯಾಗಿತ್ತು. ಅಂಟುವಾಳದ ನೊರೆಯಲ್ಲಿ ಮೂರು ದಿನ ಹತ್ತಿ ಅದ್ದಿ ಅದ್ದಿ ಒರೆಸಿದೆ. ಮುಳ್ಳು ಇಳಿಸಿದೆ.

ಎಂಥ ದನಿ! ಹದಿನಾರರ ಹುಡುಗಿ, ಹೆದರಿಕೆಯೇ ಇಲ್ಲ; ಏರು ಸ್ವರಕ್ಕೆ ಹೋದಾಗ ದನಿ ಸ್ವಲ್ಪ ಹಿಂದೆ ಸರಿಯುತ್ತದೆ — ಜಡೆ ಜಗ್ಗಿದ್ದು ಅಲ್ಲೇ! ಒಬ್ಬನೇ ಕೂತು ನಕ್ಕೆ. ಹಾಡು ಮುಗಿಯಿತು. ಒಂದು ಉಸಿರು. ಆಮೇಲೆ, ಗುಡಿಯ ಮುಂದೆ ನಿಂತು ಕೂಗುವವರ ಹಾಗೆ: "ನಾನು ಕುರುಗೋಡು ಪಂಪಮ್ಮ!"

ಕಾಗದದ ಮೇಲಿನ ಹೆಸರನ್ನು ಮಾಲೀಕ ಮೊದಲೇ ಬರೆದುಕೊಟ್ಟಿದ್ದಿರಬೇಕು. ಅವತ್ತೇ ಬಸ್ಸು ಹತ್ತಬೇಕಿತ್ತು. ಹತ್ತಲಿಲ್ಲ. ಭಾನುವಾರದ ಜನ ಏನಂದಾರು? ಪ್ಲೇಟ್ ಶರಣಪ್ಪನಿಗೆ ಕುಂಕುಮಕ್ಕೂ ಗೀರಿಗೂ ವ್ಯತ್ಯಾಸ ಗೊತ್ತಿಲ್ಲ ಅಂದಾರು. ಮುಂದಿನ ವಾರ, ಮುಂದಿನ ತಿಂಗಳು ಎಂದುಕೊಂಡೆ. ಆಮೇಲೆ ಇನ್ನೊಂದು ಸಂಗತಿ ಸೇರಿತು — ಹೇಳಲು ನಾಚಿಕೆ — ಆ ದನಿ ನನ್ನೊಬ್ಬನದೇ ಆಗಿರಲಿ ಅನ್ನಿಸತೊಡಗಿತು. ದಿನಾ ಬೆಳಿಗ್ಗೆ ಅಂಗಡಿಗೆ ಹೋಗುವ ಮೊದಲು ಒಮ್ಮೆ ಹಾಕಿ ಕೇಳುತ್ತಿದ್ದೆ. ಆ ನಾಲ್ಕು ವರ್ಷ ನಾನು ಬಹಳ ಸುಖವಾಗಿದ್ದೆ. ಅದನ್ನೂ ಮುಚ್ಚಿಡುವುದಿಲ್ಲ.

ನಡುವೆ ಒಮ್ಮೆ ಪಂಪಮ್ಮ ಮತ್ತೆ ಅಂಗಡಿಗೆ ಬಂದಳು. "ಶರಣಪ್ಪಾ, ಕಿವಿ ಮುಚ್ಚಾಕತ್ಯಾವು. ಆ ಪ್ಲೇಟು ಎಲ್ಲ್ಯರ ಸಿಕ್ಕರ ಲಗೂನ ತಾರಪಾ" ಎಂದಳು. ಪ್ಲೇಟು ನನ್ನ ಮನೆಯಲ್ಲಿತ್ತು, ಅಂಗಡಿಯಿಂದ ಎರಡೇ ಓಣಿ ಆಚೆ. "ಹುಡುಕಾಕತ್ತೀನಿ ಯವ್ವಾ" ಎಂದೆ. ಆಕೆ ನಂಬಿದಳು.

ಅದಾಗಿ ಎರಡು ವರ್ಷಕ್ಕೆ, ಪಂಪಮ್ಮನಿಗೆ ಪೂರಾ ಕಿವುಡಂತೆ ಎಂಬ ಸುದ್ದಿಯನ್ನು ಗೌರಮ್ಮ ತಂದಳು. ಬೆಳಗಿನ ಹಾಡನ್ನು ಅವಳೂ ದಿನಾ ಕೇಳಿದವಳೇ. ಹಿಂದೆ ಒಂದೆರಡು ಸಲ ಪ್ಲೇಟು ಕೊಟ್ಟು ಬನ್ನಿ ಎಂದು ಹೇಳಿ ನನ್ನ ಹತ್ತಿರ ಬೈಸಿಕೊಂಡು ಸುಮ್ಮನಾಗಿದ್ದಳು. ಆ ದಿನ ಸುಮ್ಮನಿರಲಿಲ್ಲ. "ಕಿವಿ ಇದ್ದಾಗ ಕೊಡಲಿಲ್ಲ, ಜೀವ ಇದ್ದಾಗರ ಕೊಡ್ರಿ" ಎಂದಳು.

ಪೆಟ್ಟಿಗೆ, ಪ್ಲೇಟು ಹೊತ್ತುಕೊಂಡು ಕುರುಗೋಡಿಗೆ ಹೋದೆ. ಕಿವಿಗೆ ಬಾಯಿ ಹಚ್ಚಿ ಕೂಗಿದರೆ ಪಂಪಮ್ಮನಿಗೆ ನಾಲ್ಕು ಮಾತು ತಿಳಿಯುತ್ತಿದ್ದವು. ಪೆಟ್ಟಿಗೆಯ ಹಾಡು ಮಾತ್ರ ಒಂದು ಎಳೆಯೂ ಕೇಳಿಸಲಿಲ್ಲ. ಆಕೆ ಕಹಳೆಯ ಮೇಲೆ ಅಂಗೈ ಊರಿ, ಓಣಿಯ ಜನರ ಮುಖಗಳನ್ನು ನೋಡುತ್ತ ಕೂತಳು. ಹೆಸರು ಬಂದಾಗ ಓಣಿಗೆ ಓಣಿಯೇ ಹೋ ಎಂದಿತು. "ಹೆಸರು ಬಂತೇನು? ಬಂತೇನು?" ಎಂದು ಕೇಳಿದಳು, ಎಲ್ಲರೂ ತಲೆ ಆಡಿಸಿದರು, ಎದುರುಮನೆಯವಳು ಓಡಿಬಂದು ಕಾಲಿಗೆ ಬಿದ್ದಳು. ಏಳು ಸಲ ಹಾಕಿಸಿದರು. ಯಾರೋ ಸಕ್ಕರೆ ಹಂಚಿದರು. ಪಂಪಮ್ಮ ಹಲ್ಲಿಲ್ಲದ ಬಾಯಿ ತುಂಬ ನಗುತ್ತಿದ್ದಳು, ನಾನೂ ನಕ್ಕೆ, ನಿಜವಾಗಿಯೂ ನಕ್ಕೆ. ಯಾವಾಗ ಸಿಕ್ಕಿತು ಎಂದು ಯಾರೋ ಕೇಳಿದ್ದು ಆಗಲೇ. ನನ್ನ ಉತ್ತರವನ್ನು ಆಕೆಯ ಕಿವಿಯಲ್ಲಿ ಕೂಗಿದರು. "ಸಿಕ್ಕ ಕೂಡ್ಲೆ ಓಡಿ ಬಂದಾನ ನೋಡ್ರಿ, ಪುಣ್ಯಾತ್ಮ!" ಎಂದು ನನ್ನ ಕೆನ್ನೆ ಸವರಿದಳು. ಆಮೇಲೆ ಕೇಳಿದಳು:

"ದಿನಾ ನೂರು ದನಿ ಕೇಳಾವ ನೀನು. ನನ್ನ ದನಿ ಹೆಂಗೈತಿ, ಹೇಳಪಾ?"

ನಾನು ಎದ್ದು ಚಪ್ಪಲಿ ಮೆಟ್ಟಿಕೊಂಡೆ. ಪೆಟ್ಟಿಗೆಯನ್ನೂ ಪ್ಲೇಟನ್ನೂ ಅಲ್ಲೇ ಬಿಟ್ಟು ಬಂದೆ.

ಹೋಗಿ ನಿಜ ಹೇಳಬೇಕೆಂದು ಅಂದಿನಿಂದ ಎಷ್ಟೋ ಸಲ ಬಸ್‌ಸ್ಟ್ಯಾಂಡಿನ ತನಕ ಹೋಗಿ ಮರಳಿದ್ದೇನೆ. ಆಕೆಗೆ ಗುಟ್ಟಾಗಿ ಹೇಳಲು ಬರುವುದಿಲ್ಲ. ಕಿವಿಗೆ ಬಾಯಿ ಹಚ್ಚಿ ಕೂಗಬೇಕು. ಕೂಗಿದರೆ ಓಣಿಯೆಲ್ಲ ಕೇಳುತ್ತದೆ. ಬರುವ ಸೋಮವಾರ ಮೊದಲ ಬಸ್ಸಿಗೆ ಹೋಗುತ್ತೇನೆ. ಮೊದಲು ಆಕೆಯ ದನಿ ಹೇಗಿತ್ತೆಂದು ಕೂಗುತ್ತೇನೆ, ಆಮೇಲೆ ನಾಲ್ಕು ವರ್ಷ ಎಂದು ಕೂಗುತ್ತೇನೆ.