ಮುಖ ತೋರಿಸದ ಹೋರಿ

ತೊಂಬತ್ತರ ದಶಕದ ಕೊನೆಯ ಮಾತು. ಕಂಪ್ಯೂಟರ್ ಆಟ ತಯಾರಿಸುವ ಕಂಪನಿಯೊಂದು ಚಿತ್ರ ಬರೆಯುವವರನ್ನು ಹುಡುಕುತ್ತಿತ್ತು. ಡಿಗ್ರಿ ಬೇಡ, ಪೋರ್ಟ್‌ಫೋಲಿಯೊ ತನ್ನಿ, ಅದರಲ್ಲಿ ಓಡುವ ಪ್ರಾಣಿ ಇರಲೇಬೇಕು ಅಂದಿದ್ದರು. ಶಿಕಾರಿಪುರದಿಂದ ಬಸ್ಸು ಹತ್ತಿ ಸೊರಬದ ಕಡೆಯ ಜಡೆ ಎಂಬ ಊರಿಗೆ ಹೋದೆ. ಓಡುವ ಹೋರಿಗಳನ್ನು ಬೆನ್ನಟ್ಟಿ ಹಿಡಿಯುವ ಹೋರಿ ಹಬ್ಬದಲ್ಲಿ ಅಲ್ಲೊಬ್ಬರ ಹೋರಿಯನ್ನು ಯಾರೂ ಹಿಡಿದಿಲ್ಲ, ಅದರ ಕೊರಳಿನ ಕೊಬ್ಬರಿ ಸರ ಯಾರ ಕೈಗೂ ಸಿಕ್ಕಿಲ್ಲ ಎಂದು ಕೇಳಿದ್ದೆ.

ನಾನು ಹಾಳೆ ತೆಗೆದದ್ದೇ ತಡ, ಯಜಮಾನರು ಹೆಗಲ ಮೇಲಿನ ಟವೆಲನ್ನು ಹೋರಿಯ ಮುಖಕ್ಕೆ ಹೊದಿಸಿಬಿಟ್ಟರು.

"ಹಬ್ಬ ಹತ್ರ ಬಂತು. ಈಗ ಮುಖ ಬರದ್ರೆ ದೃಷ್ಟಿ ಆಗ್ತದೆ ಕಣ್ರೀ."

"ಮುಖ ಇಲ್ದಿದ್ರೆ ನನಗೆ ಕೆಲಸ ಯಾರು ಕೊಡ್ತಾರೆ, ಯಜಮಾನ್ರೇ?"

"ಹಿಂದ್ಲಿಂದ ಬರ್ಕಳ್ರೀ. ನಮ್ ಹೋರೀದು ಜನಕ್ಕೆ ಕಾಣೋದೇ ಅಷ್ಟು."

ಸಿಟ್ಟು ಬಂತು. ಆದರೆ ಅವರು ನನ್ನನ್ನು ಹಿಂದೆ ನಿಲ್ಲಿಸಿ, ಟವೆಲು ತೆಗೆದು, ಬಯಲಲ್ಲಿ ಹೋರಿಯನ್ನು ಬಿಟ್ಟರು. ಬಾಲ ಎತ್ತಿದಾಗ ಬೆನ್ನು ಹೇಗೆ ಬಾಗುತ್ತದೆ, ಗೊರಸು ಮಣ್ಣನ್ನು ಎತ್ತ ಎರಚುತ್ತದೆ ಎಂದು ನೋಡುತ್ತ ಬರೆಯುತ್ತ ಮುಖದ ವಿಷಯ ನನಗೇ ಮರೆತುಹೋಯಿತು.

ಸಂದರ್ಶನದಲ್ಲಿ ಕಂಪನಿಯವರು ಹಾಳೆಗಳನ್ನು ತಿರುವಿ ತಿರುವಿ ನೋಡಿ, "ಇದರ ಮುಖ ಎಲ್ರೀ?" ಎಂದು ಕೇಳಿದರು.

"ಮುಖ ನೋಡ್ಬೇಕಂದ್ರೆ ಹೋರಿಗಿಂತ ಮುಂದೆ ಓಡ್ಬೇಕು, ಸರ್" ಅಂದೆ.

ಕೆಲಸ ಸಿಕ್ಕಿತು. ಸೇರಿದ ಮೇಲೆ ವರ್ಷವಿಡೀ ನನ್ನಿಂದ ಬರೆಸಿದ್ದು ಆಟದೊಳಗೆ ಓಡುವ ವೀರನ ಬೆನ್ನನ್ನೇ. ಆಡುವವರಿಗೆ ಕಾಣೋದೇ ಅಷ್ಟಂತೆ.