ಟಿ.ವಿ. ಪರದೆಯ ಮೇಲೆ ಅಪ್ಪನ ದಡಿ

ನಾನು ಚಿಕ್ಕವಳಿದ್ದಾಗ ನಮ್ಮ ಮನೆ ಮಹಾರಾಷ್ಟ್ರದ ಇಚಲಕರಂಜಿಯಲ್ಲಿ, ಮಗ್ಗದ ಶೆಡ್ಡುಗಳ ನಡುವೆ ಇತ್ತು. ಖಟಖಟ ಸದ್ದು ನಮಗೆ ಎಷ್ಟು ರೂಢಿಯಾಗಿತ್ತೆಂದರೆ, ಕರೆಂಟು ಹೋಗಿ ಮಗ್ಗಗಳು ನಿಂತಾಗಲೇ ನಿದ್ದೆಯಿಂದ ಎಚ್ಚರವಾಗುತ್ತಿತ್ತು. ಅಪ್ಪ ಸೀರೆಯ ದಡಿಗೆ, ಎಂದರೆ ಅಂಚಿಗೆ, ಚಿತ್ರ ಬರೆಯುತ್ತಿದ್ದರು. ಚೌಕುಳಿ ಕಾಗದದ ಮೇಲೆ ಒಂದೊಂದೇ ಮನೆ ತುಂಬುತ್ತ ಮಾವಿನಕಾಯಿಯ ಬಳ್ಳಿಯೊಂದನ್ನು ಬರೆದಿದ್ದರು. ನೋಡಿ ಕೊಡುತ್ತೇನೆಂದು ಅದನ್ನು ಒಯ್ದ ವ್ಯಾಪಾರಿಯೊಬ್ಬ ತಾನೇ ಬರೆಸಿದ್ದೆಂದು ಹೇಳಿ ನೇಯಿಸಿ ಮಾರಿದ. ಪೇಟೆಯಲ್ಲೆಲ್ಲ ಅದು ಅವನ ದಡಿಯೆಂದೇ ಹೆಸರಾಯಿತು. ಅಪ್ಪ ಜಗಳವಾಡಲಿಲ್ಲ. ಪೆನ್ಸಿಲ್ ಕೆಳಗಿಟ್ಟು, ಯಾರದೋ ಶೆಡ್ಡಿನಲ್ಲಿ ನೂಲು ತೂಗುವ ಕೆಲಸಕ್ಕೆ ಸೇರಿಕೊಂಡರು.

ಅಕ್ಕ ಆಗ ಕಾಲೇಜಿಗೆ ಹೋಗುತ್ತಿದ್ದಳು. ಅವಳ ಗಣಿತದ ಸರ್ ನಮ್ಮ ಓಣಿಯಲ್ಲೇ ಇದ್ದರು. ಅವರ ಮನೆಯಲ್ಲೊಂದು ಪುಟ್ಟ ಕಂಪ್ಯೂಟರ್ ಇತ್ತು. ಕೀಲಿಗಳಿದ್ದ ಒಂದು ಹಲಗೆ, ಅಷ್ಟೇ. ಅದನ್ನು ಟಿ.ವಿ.ಗೆ ಜೋಡಿಸಬೇಕು, ಬರೆದದ್ದನ್ನು ಹಾಡಿನ ಕ್ಯಾಸೆಟ್ಟಿನಲ್ಲಿ ಉಳಿಸಬೇಕು. ರಜೆಯುದ್ದಕ್ಕೂ ಅಲ್ಲಿ ಕೂತು ಅಕ್ಕ ಒಂದು ಪ್ರೋಗ್ರಾಂ ಬರೆದಳು. ಅದನ್ನು ಓಡಿಸಿದರೆ ಕಪ್ಪು ಪರದೆಯ ಮೇಲೆ, ಮಗ್ಗದಲ್ಲಿ ನೇಯ್ದ ಹಾಗೆ ಎಳೆ ಎಳೆಯಾಗಿ, ಅಪ್ಪನ ಮಾವಿನಕಾಯಿ ಬಳ್ಳಿ ಮೂಡುತ್ತಿತ್ತು. ಅದು ಆಟವೂ ಅಲ್ಲ, ಲೆಕ್ಕವೂ ಅಲ್ಲ. ಬರೀ ಕಣ್ಣಿನ ಸಂತೋಷಕ್ಕೆ. ಇಂಥದ್ದಕ್ಕೆ ಡೆಮೊ ಎನ್ನುತ್ತಿದ್ದರು. ಅಕ್ಕ ಅದನ್ನು ಅಪ್ಪನಿಗೆ ತೋರಿಸಿರಲಿಲ್ಲ.

ಒಂದು ಭಾನುವಾರ ಕೊಲ್ಹಾಪುರದ ಶಾಲೆಯೊಂದರಲ್ಲಿ ಕಂಪ್ಯೂಟರಿನ ಹುಚ್ಚಿದ್ದವರೆಲ್ಲ ಸೇರುವವರಿದ್ದರು. ತಾವು ಮಾಡಿದ್ದನ್ನು ಒಬ್ಬರಿಗೊಬ್ಬರು ತೋರಿಸುವುದೇ ಅಲ್ಲಿಯ ಕೆಲಸ. ಸರ್ ಮೊದಲೇ ಹೋಗಿ ಕಂಪ್ಯೂಟರ್ ಒಯ್ದಿದ್ದರು. ಅಕ್ಕನ ಜೊತೆಗೆ ಅಪ್ಪನೂ ನಾನೂ ಬಸ್ಸು ಹತ್ತಿದೆವು. ಅವ್ವ ಭಡಂಗದ, ಎಂದರೆ ಖಾರದ ಚುರುಮುರಿಯ, ಪೊಟ್ಟಣ ಕಟ್ಟಿಕೊಟ್ಟಿದ್ದಳು. ಬೆಳ್ಳುಳ್ಳಿ ಖಾರದ ವಾಸನೆಗೆ ಬಸ್ಸಿನವರೆಲ್ಲ ನಮ್ಮ ಕಡೆ ತಿರುಗುತ್ತಿದ್ದರು. ಕಿಟಕಿಯಿಂದ ಬೆಲ್ಲದ ಗಾಣದ ಬಿಸಿ ಘಮ ಬರುತ್ತಿತ್ತು. ಅಕ್ಕ ಮಾತ್ರ ಏನೂ ತಿನ್ನಲಿಲ್ಲ.

ಶಾಲೆಯ ಕೋಣೆಯಲ್ಲಿ ಕ್ಯಾಸೆಟ್ ಕಿರ್ರೆಂದು ಕೂಗಿ ಮುಗಿಯಿತು. ಪರದೆಯ ಮೇಲೆ ಮೊದಲ ಎಳೆ ಬಂತು, ಎರಡನೆಯದು ಬಂತು. ಬಳ್ಳಿ ಬಾಗಿ ಮಾವಿನಕಾಯಿಯ ತುದಿ ಕಾಣುವಷ್ಟರಲ್ಲಿ ಅಪ್ಪ ಬೆಂಚಿನಿಂದ ಎದ್ದು ನಿಂತಿದ್ದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಗಡಹಿಂಗ್ಲಜದ ಕಡೆಯ ಯುವಕನೊಬ್ಬ ಮುಂದೆ ಬಂದು ಮರಾಠಿಯಲ್ಲಿ ಏನೋ ಕೇಳಿದ. ನಾವು ಕನ್ನಡ ಮಾತಾಡುವುದು ಕಿವಿಗೆ ಬಿದ್ದೊಡನೆ ಅವನ ಮುಖ ಅರಳಿತು.

“ನಮ್ದು ನೂಲ ಅನ್ನೂ ಊರ್ರೀ, ಅಕ್ಕಾರ. ಇದರ ಸೋರ್ಸ್ ಕೋಡ್ ಕೊಡತೀರೇನ್ರಿ? ಒಂದೊಂದು ಸಾಲು ಓದಿದ್ರ ಹೆಂಗ ಮಾಡೀರಿ ಅಂತ ನಮಗೂ ತಿಳಿತೈತ್ರಿ.”

ಸೋರ್ಸ್ ಕೋಡ್ ಎಂದರೆ ಪ್ರೋಗ್ರಾಮಿನ ಮೂಲ ಬರಹ. ಅದು ಕೈಗೆ ಸಿಕ್ಕರೆ ಯಾರು ಬೇಕಾದರೂ ಆ ಚಿತ್ರ ಮೂಡಿಸಬಹುದು, ಬದಲಿಸಲೂಬಹುದು. ಅಕ್ಕ ಅಪ್ಪನ ಕಡೆ ನೋಡಿದಳು. ಅಪ್ಪ ಹೊರಗೆ ನಡೆದುಬಿಟ್ಟರು. ನಾವಿಬ್ಬರೂ ಹಿಂದೆ ಓಡಿದೆವು. ಅವರು ಬೇವಿನ ಮರದ ಕೆಳಗೆ ನಿಂತಿದ್ದರು.

“ಒಮ್ಮೆ ಕೈ ಬಿಟ್ಟು ಹೋಗೇತವ್ವ. ಮತ್ತ ನಾವಾಗೇ ಕೊಡೂದೇನು?” ಎಂದರು.

“ನೀವು ಬ್ಯಾಡಂದ್ರ ಕೊಡಂಗಿಲ್ರಿ, ಅಪ್ಪಾ,” ಎಂದಳು ಅಕ್ಕ. “ಆದ್ರ ನಾನೂ ಹಿಂಗ ಕಲಿತೇನ್ರಿ. ಯಾರೋ ಬರದದ್ದನ್ನ ಸರ್ ನನಗ ಓದಾಕ ಕೊಟ್ರು. ಬರದವರು ಒಂದು ಸಾಲೂ ಮುಚ್ಚಿಟ್ಟಿರಲಿಲ್ಲ.”

ಅಪ್ಪ ನನ್ನ ಕೈ ಹಿಡಿದು ಒಳಗೆ ಬಂದು ಬೆಂಚಿನ ಮೇಲೆ ಕೂತರು. “ಬರದು ಕೊಡು,” ಎಂದರು.

ಒಂದು ಕಂಪನಿಯ ಕಂಪ್ಯೂಟರಿನ ಕ್ಯಾಸೆಟ್ ಇನ್ನೊಂದರಲ್ಲಿ ನಡೆಯುತ್ತಿರಲಿಲ್ಲ. ಆದ್ದರಿಂದ ಅಕ್ಕ ಎಲ್ಲವನ್ನೂ ಕರಿಹಲಗೆಯ ಮೇಲೆ ಬರೆಯಬೇಕಿತ್ತು. ಪ್ರೋಗ್ರಾಮಿನಲ್ಲಿ ಒಂದು ಬಗೆಯ ಸಾಲು ಇರುತ್ತದೆ. ಯಂತ್ರ ಅದನ್ನು ದಾಟಿಕೊಂಡು ಹೋಗುತ್ತದೆ, ಅದು ಮನುಷ್ಯರು ಓದಲೆಂದೇ ಇರುವುದು. ಅಕ್ಕ ಮೊದಲು ಆ ಸಾಲು ಬರೆದಳು. ದಡಿಯ ಚಿತ್ರ ಇವರದು ಎಂದು ಇಂಗ್ಲಿಷಿನಲ್ಲಿ ಅಪ್ಪನ ಪೂರ್ತಿ ಹೆಸರು, ಅದರ ಕೆಳಗೆ ತನ್ನದು. ಕೋಣೆಯಲ್ಲಿದ್ದವರೆಲ್ಲ ತಲೆ ತಗ್ಗಿಸಿ ಅದನ್ನು ಬರೆದುಕೊಂಡರು. ಅಪ್ಪ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು.

ದೀಪಾವಳಿಯ ಹೊತ್ತಿಗೆ ನೂಲ ಊರಿನ ಆ ಯುವಕ ತನ್ನ ಕಂಪ್ಯೂಟರನ್ನು ಚೀಲದಲ್ಲಿಟ್ಟುಕೊಂಡು ನಮ್ಮ ಮನೆ ಹುಡುಕಿಕೊಂಡು ಬಂದ. ಬಳ್ಳಿಯ ನಡುವೆ ಒಂದು ಗಿಳಿ ಕೂರಿಸಿದ್ದ. ಸರ್ ಮನೆಯ ಟಿ.ವಿ.ಯಲ್ಲಿ ಅದು ಮೂಡಿದಾಗ ಅಪ್ಪ ಗಿಳಿಯನ್ನು ಸರಿಯಾಗಿ ನೋಡಲೇ ಇಲ್ಲ.

“ಮೊದಲನೇ ಸಾಲು ತೋರಸ್ರಿ,” ಎಂದರು.

ಯುವಕ ತೋರಿಸಿದ. ಅಪ್ಪನ ಹೆಸರು ಇತ್ತು, ಅಕ್ಕನದು ಇತ್ತು, ಅವೆರಡರ ಕೆಳಗೆ ಅವನದು. “ಅದನ್ನ ಹೆಂಗ ತಗೀಲ್ರಿ, ಕಾಕಾ?” ಎಂದ ಅವನು.

ಅಪ್ಪ ಮತ್ತೆ ಚಿತ್ರ ಬರೆದರೆಂದು ಹೇಳಲು ನನಗೂ ಆಸೆ, ಮಕ್ಕಳೇ. ಬರೆಯಲಿಲ್ಲ. ಆದರೆ ಆ ದಿನ ಯುವಕನನ್ನು ಊಟ ಮಾಡದೆ ಹೋಗಗೊಡಲಿಲ್ಲ. ತಾವೇ ಹೋಳಿಗೆ ಬಡಿಸಿ ತುಪ್ಪ ಹಾಕಿದರು. ಈಗ ಅಪ್ಪ ಇಲ್ಲ. ಹೋದ ಮಳೆಗಾಲದಲ್ಲಿ ಅಕ್ಕನೂ ಹೋದಳು.

ಮೊನ್ನೆ ನೀವು ಮೊಬೈಲಿನಲ್ಲಿ ಒಂದು ಕುಣಿಯುವ ಚಿತ್ರ ತೋರಿಸಿದಿರಿ. ಭಾಳ ಚಂದಿತ್ತು. ಯಾರು ಮಾಡಿದ್ದು ಎಂದು ಕೇಳಿದೆ. “ಯಾರಿಗೊತ್ತ, ಅಜ್ಜಿ, ಎಲ್ಲಾರಿಗೂ ಬಂದೈತಿ,” ಎಂದಿರಿ. ನಮ್ಮ ಕಾಲದಲ್ಲಿ ಒಂದು ಚಿತ್ರ ಮುಂದಿನ ಊರಿಗೆ ಹೋಗಲು ಎಷ್ಟೋ ಜನರ ಬೆರಳು ನೋಯಬೇಕಿತ್ತು. ನಿಮಗೆ ಅದು ಕಣ್ಣು ಮಿಟುಕಿಸುವುದರೊಳಗೆ ಆಗಿಹೋಗುತ್ತದೆ, ಆಗಲಿ, ಒಳ್ಳೆಯದೇ. ಆದರೆ ಮುಂದೆ ಕಳಿಸುವ ಮೊದಲು, ಮಾಡಿದವರು ಯಾರೆಂದು ಸ್ವಲ್ಪ ಹುಡುಕಿ ನೋಡಿ. ಯಾವುದೋ ಊರಿನಲ್ಲಿ, ಯಾವುದೋ ಮನೆಯಲ್ಲಿ, ಅವರೂ ಅಪ್ಪನ ಹಾಗೆ ಪೆನ್ಸಿಲ್ ಕೆಳಗಿಟ್ಟು ಸುಮ್ಮನೆ ಕೂತಿರಬಹುದು.