ನನ್ನ ಕಿವಿಯ ಸಾಕ್ಷಿ

ಹೊನ್ನಾಳಿ ಕೋರ್ಟಿನ ಕಟಕಟೆ ಹತ್ತಿದಾಗ ನನಗೆ ಮದುವೆ ಗಂಡಿಗಿಂತ ಹೆಚ್ಚು ಖುಷಿ! ಗೋವಿನಕೋವಿ ಹತ್ತಿರ ಬಸ್ಸು ಗದ್ದೆಗೆ ನುಗ್ಗಿ ನಮ್ಮ ಪಕ್ಕದ ಮನೆ ಗೌರಜ್ಜಿಯ ಬಲಗೈ ಮುರಿದಿತ್ತು. ಪರಿಹಾರದ ಕೇಸಿಗೆ ಅದೇ ಬಸ್ಸಿನಾಗಿದ್ದ ನಾನೇ ಸಾಕ್ಷಿ. ಯಾಕಂದ್ರೆ ಅಜ್ಜಿ ತನ್ನ ಪುಕ್ಕಟೆ ಟಿಕೆಟಿನಾಗೆ ಸುಣ್ಣ ಕಟ್ಟಿಟ್ಟಿದ್ದಕ್ಕೆ ಅದರ ಅಕ್ಷರವೆಲ್ಲ ಅಳಿಸಿಹೋಗಿತ್ತು.

"ಈಯಮ್ಮ ಬಸ್ಸಿನಲ್ಲಿದ್ದರು ಅನ್ನೋಕೆ ಏನಪ್ಪಾ ಗುರುತು?" ಬಸ್ಸಿನ ಕಡೆ ವಕೀಲರು ಕೇಳಿದರು.

"ಬಸ್ಸು ಗದ್ದೆಗೆ ನುಗ್ಗುವಾಗ ನನ್ನ ಕಿವಿ ಅಜ್ಜಿ ಬಲಗೈಯಾಗೆ ಇತ್ತು ಸಾರ್!"

"ಯಾಕೆ?"

ಸತ್ಯ ಹೇಳ್ತೀನಿ ಅಂತ ಪ್ರಮಾಣ ಮಾಡಿಯಾಗಿತ್ತಲ್ಲ. ಅಜ್ಜಿಯ ಎಲೆ ಅಡಿಕೆ ಸಂಚಿ ಬಚ್ಚಿಟ್ಟಿದ್ದೆ ಅಂತ ಒಪ್ಪಿಕೊಂಡೆ.

ವಕೀಲರು ಕುಣಿದೇಬಿಟ್ಟರು. "ಸ್ವಾಮಿ, ಈಯಮ್ಮ ಕಂಬಿ ಬಿಟ್ಟು ಕಿವಿ ಹಿಡಿದಿದ್ದಾರೆ. ತಪ್ಪಿನಲ್ಲಿ ಇವರ ಪಾಲೂ ಇದೆ. ಪರಿಹಾರ ಕಡಿಮೆ ಮಾಡಬೇಕು!"

ನನ್ನ ಕೀಟಲೆಯಿಂದ ಅಜ್ಜಿ ಕೇಸು ಮುಳುಗಿತಲ್ಲಪ್ಪೋ ಅಂದ್ಕೊಂಡೆ. ಅಷ್ಟರಾಗೆ ಹಿಂದಿನಿಂದ ಅಜ್ಜಿ ಎದ್ದು ನಿಂತಳು. "ನಾನು ಸೀಟಿನಾಗೆ ಕುಂತಿದ್ದೆ ಕಣಪ್ಪಾ, ಕುಂತೋಳಿಗೆ ಕಂಬಿ ಯಾಕೆ? ಸ್ಟೇರಿಂಗ್ ಹಿಡಿಯಾಕೆ ಕುಂತೋನು ಫೋನ್ ಹಿಡಿದಿದ್ದ, ಅದನ್ನ ಕೇಳು!"

"ಕೂತ್ಕೊಳ್ಳಮ್ಮ," ಅಂದ ಜಡ್ಜ್ ಸಾಹೇಬರು ನಗು ತಡೆದುಕೊಂಡು ನನ್ನ ಕಡೆ ತಿರುಗಿದರು. "ಹೌದೇನೋ?"

"ಹೌದು ಸಾರ್. ಕಿವಿ ಅಜ್ಜಿ ಹತ್ರ ಇದ್ರೂ ಕಣ್ಣು ಡ್ರೈವರ್ ಮೇಲೇ ಇತ್ತು!"

ಅಜ್ಜಿಗೆ ಪೂರ್ತಿ ಪರಿಹಾರ ಸಿಕ್ಕಿತು. ತೀರ್ಪಿನಾಗೆ ನನ್ನನ್ನ 'ನಂಬಲರ್ಹ ಸಾಕ್ಷಿ' ಅಂತ ಬರೆದಾರಂತೆ. ನಮ್ಮವ್ವನಿಗೆ ಹೇಳಿದೆ, ಇನ್ನೂ ನಂಬಿಲ್ಲ.